ಪಾರ್ಕಿಂಗ್ ಇಟ್ಟ ಜಾಗದಲ್ಲಿ ನೀರು

ನಿಮ್ಮ ಪತ್ರ ಓದಿ ಸಿಟ್ಟು ಬಂತು. ನಿಮ್ಮ ಮೇಲಲ್ಲ, ಅದಕ್ಕೆ ಆಮೇಲೆ ಬರುತ್ತೇನೆ.

ಸುಸ್ಥಿರ ವಾಸ್ತುಶಿಲ್ಪ ಮತ್ತು ಲ್ಯಾಂಡ್‌ಸ್ಕೇಪ್ ವಿನ್ಯಾಸದಲ್ಲಿ ಕೊನೆಯ ಥೀಸಿಸ್. ಒಂದು ಗ್ರಂಥಾಲಯ, ಸುತ್ತ ಉದ್ಯಾನ. ಕೆಲಸ ನೋಡಿ ಅಂಕ ಕೊಡುವ ಜ್ಯೂರಿಗೆ ಇನ್ನೊಂದು ತಿಂಗಳು. ಗೈಡ್ ‘ಇದರಲ್ಲಿ ಜೀವ ಇಲ್ಲ’ ಎಂದುಬಿಟ್ಟಿದ್ದಾರೆ. ಜೊತೆಯವರ ರೆಂಡರ್, ಅಂದರೆ ಕಂಪ್ಯೂಟರ್‌ನಲ್ಲಿ ಮಾಡಿದ ಕಟ್ಟಡದ ಚಿತ್ರ, ನೋಡಿ ನಿಮಗೆ ನಿದ್ದೆ ಹತ್ತುತ್ತಿಲ್ಲ. ಈ ವರ್ಷ ಕೈಬಿಡಲಾ ಅಂತ ಕೇಳಿದ್ದೀರಿ.

ಬೇಡ. ಗೈಡ್ ಮಾತು ಒರಟು, ಆದರೆ ಸುಳ್ಳಲ್ಲ. ಪತ್ರದ ಕೊನೆಗೆ ಕಂಸದೊಳಗೆ ಒಂದು ಸಾಲು ಬರೆದಿದ್ದೀರಿ: ಸೈಟ್‌ನ ಮೂಲೆಯಲ್ಲಿ ಮಳೆ ಹೋದ ಮೇಲೂ ವಾರಗಟ್ಟಲೆ ನೀರು ನಿಲ್ಲುತ್ತದೆ, ಅದಕ್ಕೇ ಅಲ್ಲಿ ಮಣ್ಣು ತುಂಬಿಸಿ ಪಾರ್ಕಿಂಗ್ ಕೊಟ್ಟಿದ್ದೀರಿ. ಅಲ್ರೀ, ನಿಮ್ಮ ಥೀಸಿಸ್ ಇರುವುದೇ ಅಲ್ಲಿ!

ಒಂದು ಚದರ ಮೀಟರ್ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. ನಿಮ್ಮ ಚಾವಣಿ 1,000 ಚದರ ಮೀಟರ್. 50 ಮಿ.ಮೀ. ಮಳೆಯ ದಿನ 50,000 ಲೀಟರ್ ಬೀಳುತ್ತದೆ. ಹೆಚ್ಚುಕಮ್ಮಿ ಅಷ್ಟೂ ಇಳಿಜಾರು ಹಿಡಿದು ಆ ಮೂಲೆಗೇ ಹೋಗುತ್ತದೆ. ನೀವು ಜಾಗ ಮುಚ್ಚಿದರೆ ಪಕ್ಕದವರ ಅಂಗಳಕ್ಕೆ ನುಗ್ಗುತ್ತದೆ, ಅಷ್ಟೇ. ಜಗತ್ತಿನಲ್ಲಿ ಮನುಷ್ಯರು ಹೊರಬಿಡುವ ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು ಶೇ 7-8ರಷ್ಟು ಸಿಮೆಂಟ್‌ನಿಂದಲೇ ಬರುತ್ತದೆ ಅಂತ ನೀವೇ ವರದಿಯಲ್ಲಿ ಬರೆದು, ಆ ತಗ್ಗಿಗೆ ಕಾಂಕ್ರೀಟ್ ಸುರಿಯುವುದಾ?

ಈಗ ಸಿಟ್ಟಿನ ವಿಷಯ. ‘ಮುಂದುಗಡೆ ಹಸಿರು ಗೋಡೆ ಹಾಕು, ಜ್ಯೂರಿ ಫ್ಲ್ಯಾಟ್ ಆಗುತ್ತೆ’ ಎಂದು ನಿಮಗೆ ಹೇಳಿದ ಆ ಸೀನಿಯರ್. ಗೋಡೆ ಮೇಲೇ ಗಿಡ ಬೆಳೆಸುವ ಈ ಹಸಿರು ಗೋಡೆ ಜೊತೆ ನನ್ನ ಜಗಳ ಹಳೆಯದು, ಈ ಅಂಕಣ ಓದುವವರಿಗೆ ಗೊತ್ತು. ಅದಕ್ಕೆ ಪಂಪು ಬೇಕು, ಹನಿ ಪೈಪು ಬೇಕು, ಗೊಬ್ಬರ ಬೇಕು. ಬಿರುಬಿಸಿಲಲ್ಲಿ ಪಂಪು ಕೆಟ್ಟರೆ ಗಿಡ ಸುಟ್ಟುಹೋಗುತ್ತದೆ. ಕೆಳಗೆ ಪುಕ್ಕಟೆ ನೀರು ನಿಂತಿರುವಾಗ ಮೇಲೆ ನೀರು ಪಂಪ್ ಮಾಡಿಸುವ ಸಲಹೆ ಕೊಟ್ಟವರನ್ನು ನಾನು ಕ್ಷಮಿಸಲಾರೆ.

ರೆಂಡರ್ ನಿಲ್ಲಿಸಿ. ಸೈಟ್‌ನ ಎತ್ತರದ ತುದಿಯಿಂದ ಆ ತಗ್ಗಿನವರೆಗೆ, ಕಟ್ಟಡವನ್ನು ಸೀಳಿಕೊಂಡು ಹೋಗುವ ಒಂದು ಉದ್ದನೆಯ ಸೆಕ್ಷನ್, ಅಂದರೆ ಕತ್ತರಿಸಿ ಪಕ್ಕದಿಂದ ನೋಡಿದಂಥ ನಕ್ಷೆ, ಬರೆಯಿರಿ. ಚಾವಣಿಗೆ ಬಿದ್ದ ನೀರು ಎಲ್ಲಿ ಇಳಿಯುತ್ತದೆ, ಎಲ್ಲಿ ನಿಲ್ಲುತ್ತದೆ, ಎಲ್ಲಿ ಇಂಗುತ್ತದೆ, ಎಲ್ಲ ಅದರಲ್ಲಿ ಕಾಣಬೇಕು.

ಅದಕ್ಕೆ ಮೊದಲು ಆ ಮೂಲೆಯಲ್ಲಿ ಮೊಣಕಾಲುದ್ದ ಗುಂಡಿ ತೋಡಿ ನೀರು ತುಂಬಿಸಿ. ಮೊದಲ ಸಲದ್ದನ್ನು ಒಣಮಣ್ಣು ಕುಡಿದುಬಿಡುತ್ತದೆ, ಅದು ಲೆಕ್ಕಕ್ಕಿಲ್ಲ. ಮತ್ತೆ ತುಂಬಿಸಿ, ಕಡ್ಡಿಗೆ ಗುರುತು ಹಾಕಿ, ಗಂಟೆಗೆ ಎಷ್ಟು ಇಳಿಯಿತು ನೋಡಿ. ಕದಲದಿದ್ದರೆ ಜೇಡಿಮಣ್ಣು ಇರಬಹುದು. ಅಲ್ಲಿ ಇಂಗುಗುಂಡಿ ನಡೆಯುವುದಿಲ್ಲ. ಕೊಳ ಮಾಡಿ, ಅಂಚಿಗೆ ಬೇರು ನೀರಲ್ಲಿದ್ದರೂ ಬದುಕುವ ಗಿಡ ಇಡಿ. ಸರಸರ ಇಳಿದರೆ ಮೇಲ್ಮಣ್ಣಷ್ಟೇ ಗಟ್ಟಿಯಾಗಿರಬಹುದು, ಅದನ್ನು ಸಡಿಲಿಸಿದರೆ ಸಾಕಾದೀತು. ಪಾರ್ಕಿಂಗ್ ಎತ್ತರದ ಕಡೆಗೆ ಹೋಗಲಿ, ಅದಕ್ಕಾಗಿ ಕಟ್ಟಡ ನಾಲ್ಕು ಹೆಜ್ಜೆ ಸರಿದರೂ ಸರಿಯೇ.

ಜ್ಯೂರಿಗೆ ಮೊದಲ ಶೀಟ್ ಆಗಿ ಆ ಸೆಕ್ಷನ್ ಅನ್ನೇ ಅಂಟಿಸಿ. ಅಲ್ಲಿಯವರೆಗೆ ಸೀನಿಯರ್ ಫೋನ್ ಮಾಡಿದರೆ ಎತ್ತಬೇಡಿ.