ಟಿ-ಶರ್ಟ್ ನೋಡಿ ಬಿಡ್ತಾರಾ?

ಪ್ರಶ್ನೆ: ನರ್ಸ್ ಆಗಿರುವ ನನ್ನ ತಂಗಿಗೆ ಅಂತರ್ಯುದ್ಧದ ದೇಶದಲ್ಲಿ ಸೇವೆ ಮಾಡುವ ಹಟ. ಸಂಸ್ಥೆಯ ಟಿ-ಶರ್ಟ್ ಇದ್ರೆ ಯಾರೂ ಮುಟ್ಟಲ್ಲ ಅಂತಾಳೆ. ನಿಜವಾ?
– ಓದುಗರೊಬ್ಬರು, ಬದಿಯಡ್ಕ, ಕಾಸರಗೋಡು

ಉತ್ತರ: ಕಾನೂನೇನೋ ಅವಳ ಕಡೆಗಿದೆ. ಯುದ್ಧದ ನಿಯಮಗಳಾದ 1949ರ ಜಿನೀವಾ ಒಪ್ಪಂದಗಳ 3ನೇ ವಿಧಿ, ಕಾಳಗದಲ್ಲಿ ಭಾಗವಹಿಸದವರನ್ನು ಕೊಲ್ಲಬಾರದು ಅನ್ನುತ್ತೆ, ಅದು ಅಂತರ್ಯುದ್ಧಕ್ಕೂ ಅನ್ವಯಿಸುತ್ತೆ. ಆದ್ರೆ 2006ರ ಆಗಸ್ಟ್‌ನಲ್ಲಿ ಶ್ರೀಲಂಕಾದ ಮೂತೂರಿನಲ್ಲಿ, ಹಸಿದವರಿಗಾಗಿ ದುಡಿಯುವ ಫ್ರೆಂಚ್ ಸಂಸ್ಥೆಯೊಂದರ 17 ಜನರನ್ನು ಅವರ ಕಚೇರಿಯ ಅಂಗಳದಲ್ಲೇ ಗುಂಡಿಟ್ಟು ಕೊಂದರು, ಮೈಮೇಲೆ ಸಂಸ್ಥೆಯ ಟಿ-ಶರ್ಟ್ ಇತ್ತು. ಎಲ್ಲರೂ ಆ ದೇಶದವರೇ. ಹೀಗೆ ಸಾಯೋದು ಜಾಸ್ತಿ ಸ್ಥಳೀಯರೇ, ಸುದ್ದಿಯಾಗೋದು ವಿದೇಶಿಯರು, ಅಲ್ವಾ! ಅದೇ ಶ್ರೀಲಂಕಾದಲ್ಲಿ 2009ರಲ್ಲಿ ಸರ್ಕಾರವೇ ಗುರುತಿಸಿದ ‘ಸುರಕ್ಷಿತ ವಲಯ’ಕ್ಕೆ ಓಡಿಬಂದ ನಿರಾಶ್ರಿತರ ಮೇಲೂ ಶೆಲ್ ಬಿದ್ದವು.

ತಂಗಿಯನ್ನು ಸುಮ್ನೆ ತಡೀಬೇಡಿ. ಕಾಳಗ ಹತ್ತಿರ ಬಂದ್ರೆ ಸಿಬ್ಬಂದಿಯನ್ನು ಹೊರಗೆ ಕರೆತರೋರು ಯಾರು, ಯಾವ ದಾರೀಲಿ ಅಂತ ಸಂಸ್ಥೆಯನ್ನು ಮೊದಲೇ ಕೇಳಲಿ. ಮೂತೂರಿನವರನ್ನು ಕರೆತರುವ ಪ್ರಯತ್ನ ಕೈಗೂಡಿರಲಿಲ್ಲ.