ಬಾಡಿಗೆ ಮನೆಯಲ್ಲಿದ್ದು ಜಾಸ್ತಿ ಪವರ್‌ನ ಎಲೆಕ್ಟ್ರಿಕ್ ಬೈಕ್ ತಗೋಬೇಕಾ? ಮೊದಲು ಗೋಡೆ ನೋಡಿ, ಆಮೇಲೆ ಬೈಕ್ ನೋಡಿ

ಬೆಂಗಳೂರಲ್ಲಿ ಬಾಡಿಗೆ ಮನೆ, ಎರಡನೇ ಮಹಡಿ. ದಿನಕ್ಕೆ 30 ಕಿಲೋಮೀಟರ್ ಆಫೀಸು, ತಿಂಗಳಿಗೆರಡು ಸಲ ಹಾಸನ. ಕೈಯಲ್ಲಿ 4 ಲಕ್ಷ. ಯಾವ ಬೈಕಿಗೆ ಪವರ್ ಜಾಸ್ತಿ ಅಂತ ಕೇಳಿದ್ದೀರಿ. ಹಾಸನದ ಜಾಗಕ್ಕೆ ಚಿತ್ರದುರ್ಗ ಅಂತ ಹಾಕಿದರೆ ಇದು 2024ರಲ್ಲಿ ನಾನೇ ಕೇಳಿದ ಪ್ರಶ್ನೆ. ಆಗ ನನಗೆ ಎಲ್ಲರೂ ಬೈಕಿನ ಹೆಸರು ಹೇಳಿದರು. ಗಾಡಿ ನಿಲ್ಲಿಸುವ ಜಾಗದಲ್ಲಿ ಪ್ಲಗ್ ಇದೆಯಾ ಅಂತ ಒಬ್ಬರೂ ಕೇಳಲಿಲ್ಲ.

ನಾನು ತಗೊಂಡದ್ದು ಅಲ್ಟ್ರಾವಯಲೆಟ್ ಎಫ್77 ಮ್ಯಾಕ್ 2, ದೊಡ್ಡ ಬ್ಯಾಟರಿಯದ್ದು. 10.3 ಕಿಲೋವ್ಯಾಟ್ ಅವರ್, ಅಂದರೆ ನಮ್ಮ ಕರೆಂಟ್ ಬಿಲ್ಲಿನ ಲೆಕ್ಕದಲ್ಲಿ 10.3 ಯೂನಿಟ್ ಹಿಡಿಯುವ ಬ್ಯಾಟರಿ. 30 ಕಿಲೋವ್ಯಾಟ್ ಮೋಟರ್, ಅಂದರೆ ಸುಮಾರು 40 ಹಾರ್ಸ್ ಪವರ್, 100 ನ್ಯೂಟನ್ ಮೀಟರ್ ಟಾರ್ಕ್ (ತಿರುಗಿಸುವ ಬಲ), ಗಂಟೆಗೆ 155 ಕಿಲೋಮೀಟರ್ ವೇಗ. ಬೆಂಗಳೂರಿನವರೇ ಮಾಡಿದ ಬೈಕ್ ಅನ್ನೋ ಅಭಿಮಾನ ಬೇರೆ. ಟೆಸ್ಟ್ ರೈಡ್ ಮುಗಿಸಿ ಬಂದ ದಿನವೇ ಮನಸ್ಸು ಗಟ್ಟಿಯಾಗಿತ್ತು. ಬೈಕ್ ಬಗ್ಗೆ ನನಗೆ ಇವತ್ತಿಗೂ ಒಂದು ಮಾತಿನ ಬೇಜಾರಿಲ್ಲ.

ತಪ್ಪು ನಾನು ಮಾಡಿದ್ದು ಬುಕ್ ಮಾಡುವ ಮುಂಚೆ. ಅದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ನೀವೂ ಅಲ್ಲಿಗೇ ಹೋಗುತ್ತಿದ್ದೀರಿ.

ಮನೆ ಓನರ್‌ಗೆ ಫೋನ್ ಮಾಡಿದೆ. "ಸಾರ್, ಎಲೆಕ್ಟ್ರಿಕ್ ಬೈಕ್ ತಗೋತಿದ್ದೀನಿ, ಚಾರ್ಜಿಂಗ್ ಹಾಕ್ಕೋಬಹುದಾ?" ಅಂದೆ. "ಹಾಕ್ಕೊಳ್ಳಪ್ಪ, ಅದಕ್ಕೇನಂತೆ" ಅಂದರು. ಅಷ್ಟೇ. ಕೆಲಸ ಮುಗಿಯಿತು ಅಂದುಕೊಂಡು ಅಡ್ವಾನ್ಸ್ ಕಟ್ಟಿದೆ.

ಅವರು ಸುಳ್ಳು ಹೇಳಲಿಲ್ಲ. ಆದರೆ ಅವರು ಒಪ್ಪಿದ್ದು ಯಾವುದಕ್ಕೆ, ನಾನು ಕೇಳಿದ್ದು ಯಾವುದಕ್ಕೆ, ಇವೆರಡೂ ಬೇರೆ ಇದ್ದವು. ಬ್ಯಾಟರಿಯನ್ನು ಬಿಚ್ಚಿ ಮನೆಯೊಳಗೆ ಒಯ್ದು, ಅಡುಗೆಮನೆ ಪ್ಲಗ್‌ಗೆ ಹಾಕುವ ಸ್ಕೂಟರ್ ಅವರ ತಲೆಯಲ್ಲಿತ್ತು. ಎಫ್77 ಬ್ಯಾಟರಿ ಹಾಗೆ ಕೈಯಲ್ಲಿ ಹಿಡಿದುಕೊಂಡು ಮಹಡಿ ಹತ್ತುವಂಥದ್ದಲ್ಲ. ಬೈಕಿನ ಹತ್ತಿರಕ್ಕೇ ಕರೆಂಟ್ ಬರಬೇಕು. ಬೈಕ್ ನಿಲ್ಲುವುದು ಕೆಳಗಿನ ಪಾರ್ಕಿಂಗ್‌ನಲ್ಲಿ. ಆ ಗೋಡೆ ಓನರ್ ಒಬ್ಬರದ್ದಲ್ಲ, ಅಪಾರ್ಟ್‌ಮೆಂಟಿನ ಎಲ್ಲರದ್ದು. ನಮ್ಮ ಮನೆಯ ಮೀಟರ್ ಇದ್ದದ್ದು ಕಟ್ಟಡದ ಆ ತುದಿಯಲ್ಲಿ, ನನ್ನ ಪಾರ್ಕಿಂಗ್ ಈ ತುದಿಯಲ್ಲಿ. ನಡುವೆ ನಾಲ್ಕು ಮನೆಯವರ ಕಾರು. ವೈರ್ ಎಳೆಯಬೇಕೆಂದರೆ ಅವರೆಲ್ಲರ ತಲೆಯ ಮೇಲೆ ಪೈಪ್ ಹೋಗಬೇಕು. ಯಾವ ಗೋಡೆ, ಯಾರ ಮೀಟರ್, ಎಷ್ಟು ದಪ್ಪದ ವೈರ್. ಈ ಮೂರನ್ನೂ ನಾನು ಕೇಳಿರಲಿಲ್ಲ. ಕೇಳಿದ ಒಂದೇ ಒಂದನ್ನೂ ಕಾಗದದ ಮೇಲೆ ತಗೊಂಡಿರಲಿಲ್ಲ.

ಬೈಕ್ ಬಂತು. ಅಸೋಸಿಯೇಷನ್ ಮೀಟಿಂಗ್ ಆಯಿತು. ಮೊದಲ ಮಹಡಿಯ ಹಿರಿಯರೊಬ್ಬರು 2022ರಲ್ಲಿ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಬಿದ್ದ ಸುದ್ದಿಗಳನ್ನು ನೆನಪಿಸಿದರು. ಅವರ ಮಲಗುವ ಕೋಣೆ ನನ್ನ ಬೈಕಿನ ನೇರ ಮೇಲೆ. ಆ ಭಯ ಸುಮ್ನೆ ಹುಟ್ಟಿದ್ದಲ್ಲ, ನಾನಿದ್ದರೂ ಕೇಳುತ್ತಿದ್ದೆ. ಆ ಘಟನೆಗಳ ನಂತರವೇ ಬ್ಯಾಟರಿ ಸುರಕ್ಷತೆಯ ಎಐಎಸ್ 156 ನಿಯಮವನ್ನು ಬಿಗಿ ಮಾಡಿ 2022ರ ಡಿಸೆಂಬರ್‌ನಿಂದ ಹಂತ ಹಂತವಾಗಿ ಜಾರಿಗೆ ತಂದರು. ಇದನ್ನು ನಾನು ಮುಂಚೆಯೇ ಹೋಗಿ ಅವರ ಜೊತೆ ಕೂತು ಹೇಳಬೇಕಿತ್ತು. ಬೈಕ್ ತಂದು ನಿಲ್ಲಿಸಿ ಆಮೇಲೆ ಹೇಳಿದರೆ ಅದು ವಾದ ಆಗುತ್ತದೆ. "ಮುಂದಿನ ಮೀಟಿಂಗ್‌ನಲ್ಲಿ ನೋಡೋಣ" ಅಂದರು.

ಅಲ್ಲಿಯವರೆಗೆ ಇರಲಿ ಅಂತ ಬಾಲ್ಕನಿಯಿಂದ ಎಕ್ಸ್‌ಟೆನ್ಶನ್ ವೈರ್ ಇಳಿಬಿಟ್ಟೆ. ಇದೇ ಎಲ್ಲವನ್ನೂ ಹಾಳು ಮಾಡಿತು. ಮನೆಯಲ್ಲಿ ಟಿವಿಗೆ, ಮಿಕ್ಸಿಗೆ ಬಳಸುವ ತೆಳು ವೈರ್ ಅದು. ಮಿಕ್ಸಿ ಐದು ನಿಮಿಷ ಓಡುತ್ತದೆ. ಬೈಕ್ ಚಾರ್ಜರ್ ರಾತ್ರಿಯಿಡೀ ಒಂದೇ ಸಮ ಕರೆಂಟ್ ಎಳೆಯುತ್ತದೆ. ಪ್ಲಗ್ ಸ್ವಲ್ಪ ಸಡಿಲ ಇದ್ದರೂ ಸಾಕು, ಅಲ್ಲೇ ಬಿಸಿ ಏರುತ್ತದೆ, ಬಿಸಿ ಏರಿದಂತೆ ಇನ್ನೂ ಸಡಿಲ ಆಗುತ್ತದೆ. ಒಂದು ಬೆಳಗ್ಗೆ ಪ್ಲಗ್ ಟಾಪ್ ಕಂದು ಬಣ್ಣಕ್ಕೆ ತಿರುಗಿ, ಪ್ಲಾಸ್ಟಿಕ್ ಕರಗಿ ಅಂಟಿಕೊಂಡಿತ್ತು. ಬೆಂಕಿ ಹತ್ತಲಿಲ್ಲ. ಆದರೆ ವಾಸನೆ ಮೆಟ್ಟಿಲವರೆಗೂ ಬಂದಿತ್ತು. ಬೈಕ್‌ದಾಗಲಿ, ಬ್ಯಾಟರಿದಾಗಲಿ ಏನೂ ತಪ್ಪಿಲ್ಲ, ಸುಟ್ಟದ್ದು ನನ್ನ ವೈರ್. ಅದನ್ನು ಆ ಕಟ್ಟಡದಲ್ಲಿ ಯಾರಿಗೆ ಹೇಳಿ ಒಪ್ಪಿಸಲಿ? ಆಮೇಲೆ ಮೀಟಿಂಗೂ ಇಲ್ಲ, ಮಾತೂ ಇಲ್ಲ.

ಕೇಂದ್ರ ಇಂಧನ ಸಚಿವಾಲಯದ 2022ರ ಮಾರ್ಗಸೂಚಿಯಲ್ಲಿ ಮನೆಯ ಈಗಿನ ಕನೆಕ್ಷನ್‌ನಿಂದಲೇ ಎಲೆಕ್ಟ್ರಿಕ್ ವಾಹನ ಚಾರ್ಜ್ ಮಾಡಿಕೊಳ್ಳಬಹುದು ಅಂತ ಸ್ಪಷ್ಟವಾಗಿದೆ. ಅದರ ಪ್ರಿಂಟ್ ತೆಗೆದುಕೊಂಡು ಹೋದೆ. ಕರಗಿದ ಪ್ಲಗ್ ನೋಡಿದವರ ಮುಂದೆ ಆ ಹಾಳೆಗೆ ಬೆಲೆ ಇರಲಿಲ್ಲ.

ಮುಂದಿನ ಕೆಲವು ತಿಂಗಳು ಕೆಂಗೇರಿಯ ಗೆಳೆಯನ ಮನೆಯಲ್ಲಿ ಚಾರ್ಜ್ ಮಾಡಿದೆ. ಹೊರಗಿನ ಚಾರ್ಜಿಂಗ್ ಸ್ಟೇಷನ್ ಎಷ್ಟೊಂದು ಇವೆ ಅಂತೀರಾ? ಮ್ಯಾಪ್‌ನಲ್ಲಿ ಕಾಣುವುದರಲ್ಲಿ ಕಾರಿನವೇ ಜಾಸ್ತಿ, ವಾಹನಕ್ಕೆ ಚುಚ್ಚುವ ಪ್ರತಿ ಚಾರ್ಜಿಂಗ್ ಗನ್ನೂ ಬೈಕಿಗೆ ಹೊಂದುವುದಿಲ್ಲ. ಕೊನೆಗೆ ಮನೆಯನ್ನೇ ಬದಲಾಯಿಸಿದೆ. ಹಳೇ ಮನೆಯ ಅಡ್ವಾನ್ಸ್‌ನಲ್ಲಿ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದರು. ಹೊಸ ಮನೆಗೆ ಬ್ರೋಕರ್ ಕಮಿಷನ್ ಇನ್ನೊಂದು ತಿಂಗಳ ಬಾಡಿಗೆ. ಸಾಮಾನು ಸಾಗಿಸುವ ಖರ್ಚು ಬೇರೆ. ಎಲ್ಲ ಸೇರಿ ಅರವತ್ತು ಸಾವಿರದ ಹತ್ತಿರ ಹೋಯಿತು. ಮುಂಚೆಯೇ ಒಪ್ಪಿಗೆ ತಗೊಂಡು ಸರಿಯಾಗಿ ವೈರಿಂಗ್ ಮಾಡಿಸಿದ್ದರೆ ಅದರ ಕಾಲು ಭಾಗವೂ ಬೇಕಿರಲಿಲ್ಲ. ದುಡ್ಡಿಗಿಂತ ಜಾಸ್ತಿ ನೋವಾದದ್ದು ಹೆಂಡತಿ ಆಫೀಸಿಗೆ ನಡೆದೇ ಹೋಗುತ್ತಿದ್ದವಳು ಈಗ ಎರಡು ಬಸ್ ಹಿಡಿಯಬೇಕಾದದ್ದು.

ಹೊಸ ಮನೆಗೆ ಅಡ್ವಾನ್ಸ್ ಕೊಡುವ ಮುಂಚೆ ಎಲೆಕ್ಟ್ರಿಷಿಯನ್‌ನನ್ನೇ ಕರೆದುಕೊಂಡು ಹೋಗಿದ್ದೆ. ನೀವೂ ಹಾಗೇ ಮಾಡಿ. ಮೀಟರ್ ಬೋರ್ಡ್‌ನಿಂದ ಪಾರ್ಕಿಂಗ್‌ಗೆ ಎಷ್ಟು ದೂರ ಅಂತ ಅಳೆಸಿ. ನಿಮ್ಮದೇ ಮೀಟರ್‌ನಿಂದ ಬೇರೆ ಲೈನ್ ಎಳೆಸಿ, ಬಿಲ್ ನಿಮಗೇ ಬರುವ ಹಾಗೆ. ಅಸೋಸಿಯೇಷನ್‌ನವರ ದೊಡ್ಡ ತಕರಾರು ಅರ್ಧ ಅಲ್ಲೇ ಮುಗಿಯುತ್ತದೆ. 4 ಚದರ ಎಂಎಂ ತಾಮ್ರದ ವೈರ್, 16 ಆಂಪ್ ಸಾಕೆಟ್, ಲೋಡ್ ಮೀರಿದರೆ ತಾನೇ ಆಫ್ ಆಗುವ ಎಂಸಿಬಿ ಸ್ವಿಚ್ ಅದಕ್ಕೇ ಅಂತ ಒಂದು, ಶಾಕ್ ಹೊಡೆಯದಂತೆ ಒಂದು ಆರ್‌ಸಿಸಿಬಿ. ಅರ್ಥಿಂಗ್ ಇದೆಯಾ ಅಂತ ಬಾಯಿಮಾತಲ್ಲಿ ಕೇಳಬೇಡಿ, ಟೆಸ್ಟ್ ಮಾಡಿಸಿ. ಎಷ್ಟೋ ಹಳೇ ಕಟ್ಟಡಗಳಲ್ಲಿ ಮೂರನೇ ತೂತಿನ ಹಿಂದೆ ವೈರೇ ಇರುವುದಿಲ್ಲ. ಸಾಕೆಟ್ ಎದೆ ಎತ್ತರಕ್ಕೆ ಹಾಕಿಸಿ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೇಸ್‌ಮೆಂಟ್‌ಗಳು ಹೇಗಾಗಿದ್ದವು ಅಂತ ನೋಡಿದ್ದೀರಲ್ವಾ?

ಇವೆಲ್ಲವನ್ನೂ ಒಂದು ಹಾಳೆಯಲ್ಲಿ ಬರೆದು, ಓನರ್ ಸಹಿ, ಅಸೋಸಿಯೇಷನ್ ಸಹಿ, ಎರಡನ್ನೂ ತಗೊಳ್ಳಿ. ಆಮೇಲೆ ಬುಕ್ ಮಾಡಿ.

ಇನ್ನೊಂದು ವಿಷಯ ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ನಿಮಗೆ ಗೃಹಜ್ಯೋತಿ ಇದ್ದರೆ ಈಗ ಎಷ್ಟು ಯೂನಿಟ್ ಬರುತ್ತಿದೆ ನೋಡಿಕೊಳ್ಳಿ. ನಿಮ್ಮ ಹಳೇ ಸರಾಸರಿ ಮತ್ತು ಅದರ ಮೇಲೆ ಶೇ. 10ರಷ್ಟು ಉಚಿತ, ಅದಕ್ಕಿಂತ ಜಾಸ್ತಿಯಾದದ್ದಕ್ಕೆ ಬಿಲ್. ಆದರೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ನಿಮ್ಮ ಓಡಾಟಕ್ಕೆ ತಿಂಗಳಿಗೆ 60 ಯೂನಿಟ್ ಆಸುಪಾಸು ಬೇಕಾಗುತ್ತದೆ. ಈಗ 150 ಬರುತ್ತಿದ್ದರೆ ಆ 60 ಸೇರಿ ಗಡಿ ದಾಟಿತು. ಯೂನಿಟ್‌ಗೆ 6 ರೂಪಾಯಿ ಅಂದುಕೊಂಡು ಬೈಕಿನ ಖರ್ಚು 360 ಅಂತ ಲೆಕ್ಕ ಹಾಕಿರುತ್ತೀರಿ, ಕೈಗೆ ಬರುವುದು ಸಾವಿರದ ಮೇಲಿನ ಬಿಲ್. ಆದರೂ ಪೆಟ್ರೋಲಿಗಿಂತ ಕಡಿಮೆಯೇ. ಆದರೆ ಗೊತ್ತಿದ್ದು ತಗೊಳ್ಳಿ.

ಈಗ ಪವರ್. ನಿಮ್ಮ ಪ್ರಶ್ನೆಯೇ ತಪ್ಪು ಕಡೆಯಿಂದ ಶುರುವಾಗಿದೆ ಅನ್ನೋದು ನನ್ನ ಖಚಿತ ಅಭಿಪ್ರಾಯ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ 30 ಕಿಲೋವ್ಯಾಟ್ ಪೂರ್ತಿ ಬಳಸುವ ಜಾಗವೇ ಇಲ್ಲ. 207 ಕೆಜಿ ಬೈಕನ್ನು ಇಕ್ಕಟ್ಟಾದ ಪಾರ್ಕಿಂಗ್‌ನಲ್ಲಿ ಹಿಂದಕ್ಕೆ ತಳ್ಳುವಾಗ ಪವರ್ ನೆನಪಿಗೆ ಬರುವುದಿಲ್ಲ, ತೂಕವೇ ನೆನಪಾಗುತ್ತದೆ. ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್ ಬಿಡುತ್ತಿಲ್ಲ. ಇನ್ಶೂರೆನ್ಸ್‌ನಲ್ಲೂ ಪವರ್‌ಗೆ ದುಡ್ಡಿದೆ. 2022ರ ದರದಂತೆ ಥರ್ಡ್ ಪಾರ್ಟಿ ಪ್ರೀಮಿಯಂ 3ರಿಂದ 7 ಕಿಲೋವ್ಯಾಟ್ ಬೈಕಿಗೆ ವರ್ಷಕ್ಕೆ 607 ರೂಪಾಯಿ, 16 ಕಿಲೋವ್ಯಾಟ್ ದಾಟಿದರೆ 2,383. ಹೊಸ ಬೈಕಿಗೆ ಐದು ವರ್ಷದ್ದು ಒಟ್ಟಿಗೆ ಕಟ್ಟಬೇಕು.

ಲೈಸೆನ್ಸ್, ರಿಜಿಸ್ಟ್ರೇಷನ್ ಬೇಡದ ಬೈಕನ್ನೇ "ಅನ್‌ಲಾಕ್" ಮಾಡಿ ಸ್ಪೀಡ್ ಏರಿಸಿ ಕೊಡ್ತೀವಿ ಅಂತ ಯಾರಾದರೂ ಹೇಳಿದರೆ ಅಲ್ಲಿಂದ ಎದ್ದು ಬನ್ನಿ. ಆ ವಿನಾಯಿತಿ ಇರುವುದು 250 ವ್ಯಾಟ್ ಒಳಗೆ, 25 ಕಿಲೋಮೀಟರ್ ವೇಗದ ಒಳಗೆ ಮಾತ್ರ. ಅದನ್ನು ಮೀರಿಸಿದ ಗಾಡಿಗೆ ಅಪಘಾತವಾದರೆ ನಿಮ್ಮ ಹಿಂದೆ ಯಾರೂ ನಿಲ್ಲುವುದಿಲ್ಲ.

ಹಾಗಾದರೆ ನನಗೆ ಪವರ್ ಯಾವಾಗ ಬೇಕಾಯಿತು? ತುಮಕೂರು ದಾಟಿದ ಮೇಲೆ, ಎರಡು ಲಾರಿ ಅಕ್ಕಪಕ್ಕ ತೆವಳುವಾಗ, ಒಂದು ಜಾಗ ಸಿಕ್ಕಿದ ಕೂಡಲೇ. ಗೇರ್ ಇಳಿಸುವುದಿಲ್ಲ, ಕಾಯುವುದಿಲ್ಲ, ಕೈ ತಿರುಗಿಸಿದರೆ ಮುಂದೆ ಇರುತ್ತೀರಿ. ಆ ಕ್ಷಣ ಬೈಕ್ ಕೊಡುವ ಧೈರ್ಯ ದೊಡ್ಡದು. ಮಜಾನೂ ದೊಡ್ಡದೇ. ಅದಕ್ಕೆ ನಾನು ಈ ಬೈಕನ್ನು ಮಾರುವ ಯೋಚನೆ ಮಾಡಿಲ್ಲ.

ಆದರೆ ಹೈವೇಯಲ್ಲಿ ಪವರ್‌ಗಿಂತ ಬ್ಯಾಟರಿ ಮುಖ್ಯ. ಒಂದು ಚಾರ್ಜಿಗೆ ಕಂಪನಿ ಹೇಳುವ 323 ಕಿಲೋಮೀಟರ್ ಐಡಿಸಿ ಲೆಕ್ಕ, ಅಂದರೆ ಇಂಡಿಯನ್ ಡ್ರೈವಿಂಗ್ ಸೈಕಲ್ ಅನ್ನೋ ಪರೀಕ್ಷೆಯದ್ದು. ಆ ಪರೀಕ್ಷೆಯಲ್ಲಿ ವೇಗ ಗಂಟೆಗೆ 42 ಕಿಲೋಮೀಟರ್ ದಾಟುವುದೇ ಇಲ್ಲ. ವೇಗ ಎರಡು ಪಟ್ಟಾದರೆ ಗಾಳಿಯ ತಡೆ ನಾಲ್ಕು ಪಟ್ಟು. ನನಗೆ 80ರಲ್ಲಿ ಹೋದರೆ 170-180 ಕಿಲೋಮೀಟರ್ ಸಿಗುತ್ತದೆ, 100ರಲ್ಲಿ 130-140. ಮುಂಗಾರಿನಲ್ಲಿ ಇನ್ನೂ ಕಡಿಮೆ. ಚಿತ್ರದುರ್ಗದ ಗುಡ್ಡದ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ ಅಂತ ನನಗೆ ಹಿರಿಯೂರಿನ ಆಚೆ ಎದುರುಗಾಳಿಯಲ್ಲಿ ಬ್ಯಾಟರಿ ಇಳಿಯುವುದನ್ನು ನೋಡಿ ಅರ್ಥವಾಯಿತು. ಈಗ ಶಿರಾದಲ್ಲಿ ಊಟಕ್ಕೆ ನಿಲ್ಲುತ್ತೇನೆ. ಹೋಟೆಲಿನವರನ್ನು ಕೇಳಿ, ಪವರ್ ಪ್ಲಗ್‌ಗೆ ಹಾಕಿ, ದುಡ್ಡು ಕೊಟ್ಟು ಬರುತ್ತೇನೆ. ನಿಮಗೆ ಹಾಸನ 180 ಕಿಲೋಮೀಟರ್ ಚಿಲ್ಲರೆ. ಒಂದೇ ಚಾರ್ಜಿನಲ್ಲಿ ಮುಟ್ಟಿಸುತ್ತೇನೆ ಅಂತ ಹಟ ಹಿಡಿಯಬೇಡಿ. ಬೆಳ್ಳೂರು ಕ್ರಾಸ್ ಅಥವಾ ಚನ್ನರಾಯಪಟ್ಟಣದಲ್ಲಿ ನಿಲ್ಲುವ ಜಾಗವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ.

ಹೀಗಾಗಿ ನನ್ನ ಉತ್ತರ ಇಷ್ಟು. ಎರಡೂ ಸಹಿ ಸಿಕ್ಕಿದರೆ ಎಫ್77 ದೊಡ್ಡ ಬ್ಯಾಟರಿಯದ್ದೇ ತಗೊಳ್ಳಿ, ಚಿಕ್ಕದು ಬೇಡ. ಹಾಸನದ ಓಡಾಟಕ್ಕೆ ಅದರ 7.1 ಕಿಲೋವ್ಯಾಟ್ ಅವರ್ ಸಾಲುವುದಿಲ್ಲ. ಬಗ್ಗಿ ಕೂರುವುದು ಕಷ್ಟ ಅನ್ನಿಸಿದರೆ ಹ್ಯಾಂಡಲ್ ಎತ್ತರ ಇರುವ ಎಫ್77 ಸೂಪರ್‌ಸ್ಟ್ರೀಟ್ ಓಡಿಸಿ ನೋಡಿ. ಹಿಂದೆ ಕೂರುವವರನ್ನೂ ಕರೆದುಕೊಂಡು ಹೋಗಿ, ಆ ಸೀಟು ಚಿಕ್ಕದು. ಸಹಿ ಸಿಗದಿದ್ದರೆ ಬ್ಯಾಟರಿ ಬಿಚ್ಚಿ ಮನೆಗೆ ಒಯ್ಯಬಹುದಾದ ರಿವೋಲ್ಟ್ ಆರ್‌ವಿ400 ನೋಡಿ. 3.24 ಕಿಲೋವ್ಯಾಟ್ ಅವರ್ ಬ್ಯಾಟರಿ, ವೇಗ 85 ಕಿಲೋಮೀಟರ್. ನೀವು ಕೇಳಿದ ಪವರ್ ಅದರಲ್ಲಿಲ್ಲ, ಹಾಸನಕ್ಕೆ ಬಸ್ಸಿನಲ್ಲೇ ಹೋಗಬೇಕಾಗುತ್ತದೆ. ಆದರೆ ಪ್ರತಿ ಬೆಳಗ್ಗೆ ಚಾರ್ಜ್ ಆಗಿ ನಿಂತಿರುತ್ತದೆ. ಚಾರ್ಜ್ ಇಲ್ಲದ 40 ಹಾರ್ಸ್ ಪವರ್‌ಗಿಂತ ಅದು ಎಷ್ಟೋ ಮೇಲು. ಎರಡೂ ಬೇಡ ಅನ್ನಿಸಿದರೆ ಈಗಿರುವ ಪೆಟ್ರೋಲ್ ಬೈಕನ್ನೇ ಇನ್ನೊಂದು ವರ್ಷ ಓಡಿಸಿ, ಮುಂದಿನ ಮನೆಯನ್ನು ಪ್ಲಗ್ ನೋಡಿ ಹುಡುಕಿ.

ಹಾಸನದ ಮನೆ ಊರಿನ ಹೊರಗಿದ್ದರೆ ಅಲ್ಲಿಯ ವೋಲ್ಟೇಜನ್ನೂ ಒಮ್ಮೆ ಅಳೆಸಿ. ಸಂಜೆ ಎಲ್ಲರ ಮನೆಯ ದೀಪ, ಟಿವಿ, ಮೋಟರ್ ಒಟ್ಟಿಗೆ ಓಡುವಾಗ ವೋಲ್ಟೇಜ್ ಬಿದ್ದು ನಮ್ಮೂರಲ್ಲಿ ಚಾರ್ಜರ್ ಅರ್ಧಕ್ಕೆ ನಿಲ್ಲುತ್ತಿತ್ತು. ಈಗ ರಾತ್ರಿ 11ರ ಮೇಲೆ ಹಾಕುತ್ತೇನೆ, ತೊಂದರೆ ಇಲ್ಲ. ನಿಮ್ಮ ಮೀಟರ್ ಬೋರ್ಡ್‌ನಿಂದ ಪಾರ್ಕಿಂಗ್‌ಗೆ ಎಷ್ಟು ಮೀಟರ್ ಅಂತ ಅಳೆದು ಇಲ್ಲಿ ಬರೆಯಿರಿ. ವೈರ್, ಪೈಪ್, ಕೂಲಿ ಸೇರಿ ನನಗೆ ಯಾವುದಕ್ಕೆ ಎಷ್ಟಾಯಿತು ಅಂತ ಬಿಲ್ ನೋಡಿ ಹೇಳುತ್ತೇನೆ.