ನದಿಯ ನೀರಿನ ಮುನ್ಸೂಚನೆಗೆ ಹಿಮದಲ್ಲಿರುವ ನೀರನ್ನು ಇನ್ನೂ ಸರಿಯಾಗಿ ಅಳೆಯುವುದು ಹೇಗೆ?

ಪ್ರತಿ ವರ್ಷ ಹಿಮ ಅಳೆಯುತ್ತೇವೆ, ಆದರೂ ಕರಗಿದ ಮೇಲೆ ನದಿಗೆ ಬರುವ ನೀರಿನ ಲೆಕ್ಕ ತಪ್ಪುತ್ತದೆ, ಹೊಸ ಉಪಕರಣ ಕೊಳ್ಳಬೇಕಾ ಅಂತ ಕೇಳಿದ್ದೀರಿ. ಹಿಮವನ್ನು ತಳದವರೆಗೂ ತುಂಬಿಸಿ, ತೂಗಿ, ಸಾಂದ್ರತೆ ತಿಳಿಯುವ ಕೊಳವೆಯನ್ನು ಹಲವು ವರ್ಷ ಹೊತ್ತು ಹಿಮದಲ್ಲಿ ಓಡಾಡಿದವನು ನಾನು. ಕೊಳ್ಳುವ ಮಾತು ಆಮೇಲಿರಲಿ. ಮೊದಲು ಎಲ್ಲೆಲ್ಲಿ ಅಳೆಯುತ್ತಿದ್ದೀರಿ ನೋಡಿ.

ಆಳವನ್ನು ಸಾಂದ್ರತೆಯಿಂದ ಗುಣಿಸಿದರೆ ನೀರು ಎಷ್ಟು ಅಂತ ಸಿಗುತ್ತದೆ. ಒಂದು ಮೀಟರ್ ಹಿಮ, ಘನ ಮೀಟರಿಗೆ 300 ಕೆ.ಜಿ. ಇದ್ದರೆ 300 ಮಿ.ಮೀ. ನೀರು. 100 ಚದರ ಕಿ.ಮೀ. ಜಾಗಕ್ಕೆ ಅದು 3 ಕೋಟಿ ಘನ ಮೀಟರ್. ಅಳತೆ ಶೇ. 10ರಷ್ಟು ತಪ್ಪಿದರೂ 30 ಲಕ್ಷ ಘನ ಮೀಟರ್ ಹೆಚ್ಚುಕಮ್ಮಿ!

ಒಂದೇ ದಿನ, ಒಂದೇ ಇಳಿಜಾರಿನಲ್ಲಿ ಸಾಂದ್ರತೆ ಅಷ್ಟೇನೂ ಬದಲಾಗುವುದಿಲ್ಲ. ಆಳ ಹಾಗಲ್ಲ. ಗಾಳಿ ಒಂದು ಕಡೆ ಗುಡಿಸಿ ಇನ್ನೊಂದು ಕಡೆ ಗುಡ್ಡೆ ಹಾಕುತ್ತದೆ. ಒಮ್ಮೆ 50 ಹೆಜ್ಜೆಯೊಳಗೆ ನನಗೆ 40 ಸೆಂ.ಮೀ. ಆಳವೂ ಸಿಕ್ಕಿತ್ತು, 190 ಸೆಂ.ಮೀ. ಆಳವೂ ಸಿಕ್ಕಿತ್ತು. ಅವತ್ತಿನಿಂದ ನಾನು ಕೊಳವೆ ಹಾಕುವುದು ಕಡಿಮೆ ಮಾಡಿದೆ, ಕೋಲು ಚುಚ್ಚಿ ಆಳ ನೋಡುವುದು ಜಾಸ್ತಿ ಮಾಡಿದೆ. ಮರದಡಿ, ಬಯಲು, ಬಿಸಿಲು ಬೀಳುವ ಮಗ್ಗುಲು, ನೆರಳಿನ ಮಗ್ಗುಲು ಎಲ್ಲವೂ ಬರಬೇಕು. ನಡೆಯಲು ಸುಲಭ ಅಂತ ಬರೀ ಸಮತಟ್ಟು ಜಾಗದಲ್ಲೇ ಅಳೆದರೆ ಇಡೀ ಕಣಿವೆಯ ಲೆಕ್ಕ ಬರುವುದಿಲ್ಲ, ಅಲ್ವಾ?

ಕೊಳವೆಯ ಕೆಲಸದಲ್ಲೂ ಕೈ ಸೂಕ್ಷ್ಮವಾಗಿರಬೇಕು. ತಿರುಗಿಸುತ್ತಾ ನೆಲ ಮುಟ್ಟುವವರೆಗೂ ಇಳಿಸಿ. ಎತ್ತಿದ ತಕ್ಷಣ ತುದಿ ನೋಡಿ. ಅಲ್ಲಿ ಒಂಚೂರು ಮಣ್ಣೋ ಹುಲ್ಲೋ ಅಂಟಿರಬೇಕು. ಇಲ್ಲದಿದ್ದರೆ ತಳದ ಹಿಮ ಜಾರಿ ಹೋಗಿರಬಹುದು, ಆ ಅಳತೆ ಬಿಟ್ಟು ಮತ್ತೆ ತೆಗೆಯಿರಿ. ಆ ಮಣ್ಣನ್ನು ಚಾಕುವಿನಿಂದ ಕೆರೆದು ತೆಗೆದು, ಅದರ ಉದ್ದವನ್ನು ಆಳದಿಂದ ಕಳೆದು, ಆಮೇಲೆ ತೂಗಿ. ಖಾಲಿ ಕೊಳವೆಯನ್ನೂ ಪ್ರತಿ ಸಲ ತೂಗಿ, ಒಳಗೆ ಹಿಮ ಅಂಟಿಕೊಂಡಿರುತ್ತದೆ. ಬಿಸಿಲಿಗೆ ಕಾದ ಕೊಳವೆಯನ್ನು ತಣ್ಣನೆ ಹಿಮಕ್ಕೆ ಹಾಕಿದರಂತೂ ಒಳಗೇ ಕಚ್ಚಿಕೊಳ್ಳುತ್ತದೆ. ನೆರಳಿನಲ್ಲಿಡಿ, ಒಳಗೆ ಮೇಣ ಸವರಿ.

ಸ್ನೋ ಪಿಲ್ಲೋ ಇದ್ದರೆ ಅದನ್ನು ಕಣ್ಣುಮುಚ್ಚಿ ನಂಬಬೇಡಿ. ಹೆಪ್ಪುಗಟ್ಟದ ದ್ರವ ತುಂಬಿದ ಆ ದಿಂಬು ತನ್ನ ಮೇಲಿನ ಭಾರವನ್ನು ಒತ್ತಡವಾಗಿ ತೋರಿಸುತ್ತದೆ. ಹಿಮದ ನಡುವೆ ಗಟ್ಟಿ ಮಂಜುಗಡ್ಡೆಯ ಪದರ ಕೂತರೆ ಅದು ಸೇತುವೆಯ ಹಾಗೆ ಭಾರವನ್ನು ಅಕ್ಕಪಕ್ಕದ ನೆಲಕ್ಕೆ ದಾಟಿಸುತ್ತದೆ. ಹಿಮ ಬೀಳುತ್ತಲೇ ಇರುತ್ತದೆ, ಅಂಕಿ ಮಾತ್ರ ಏರುವುದಿಲ್ಲ. ಆಮೇಲೆ ಪದರ ಮುರಿದಾಗ ಒಮ್ಮೆಲೇ ಜಿಗಿಯುತ್ತದೆ. ಇಂಥ ಜಿಗಿತ ಕಂಡರೆ ಅದರ ಪಕ್ಕದಲ್ಲೇ ಕೊಳವೆ ಹಾಕಿ ನೋಡಿ.

ಉಪಗ್ರಹದ ಮೈಕ್ರೋವೇವ್ ಅಳತೆ ದೊಡ್ಡ ಬಯಲಿಗೆ ಪರವಾಗಿಲ್ಲ. ಹಿಮದಲ್ಲಿರುವ ನೀರು ಸುಮಾರು 150 ಮಿ.ಮೀ. ದಾಟಿದರೆ, ಅಥವಾ ಹಿಮ ಒದ್ದೆಯಾದರೆ, ಅದು ಕೈಕೊಡುತ್ತದೆ. ಬೆಟ್ಟಕ್ಕೆ ನನಗೆ ನಿಜವಾಗಿ ಮೆಚ್ಚುಗೆಯಾಗಿದ್ದು ವಿಮಾನದ ಲೈಡಾರ್, ಅಂದರೆ ಲೇಸರ್ ಬೆಳಕು ಬಿಟ್ಟು ಮೇಲ್ಮೈಯ ಎತ್ತರ ಅಳೆಯುವ ಉಪಕರಣ. ಹಿಮ ಇಲ್ಲದಾಗ ಒಮ್ಮೆ, ಇದ್ದಾಗ ಒಮ್ಮೆ ಹಾರಿ, ಎರಡು ಎತ್ತರಗಳನ್ನು ಕಳೆದರೆ ಇಡೀ ಕಣಿವೆಯ ಆಳ ಸಿಗುತ್ತದೆ. ಕ್ಯಾಲಿಫೋರ್ನಿಯಾದ ಟುವಾಲಮಿ ನದಿಯ ಕಣಿವೆಯಲ್ಲಿ ನಾಸಾದವರು 2013ರಿಂದ ಹೀಗೆ ಹಾರಿಸಿದರು. ಆದರೆ ಲೈಡಾರ್ ಕೊಡುವುದು ಆಳ ಮಾತ್ರ. ಸಾಂದ್ರತೆಗೆ ಕಂಪ್ಯೂಟರ್ ಮಾಡೆಲ್‌ನ ಲೆಕ್ಕ ಬೇಕು, ಆ ಲೆಕ್ಕ ತಾಳೆ ನೋಡಲು ಮತ್ತೆ ಕೊಳವೆಯೇ ಬೇಕು.

ಇನ್ನೊಂದು ವಿಷಯ. ಹಿಮದ ಅಳತೆ ಸರಿಯಿದ್ದೂ ನದಿಯ ಲೆಕ್ಕ ತಪ್ಪಬಹುದು. ಒಣಗಿದ ನೆಲ ಮೊದಲು ಕರಗಿದ ನೀರನ್ನು ತಾನೇ ಕುಡಿದುಬಿಡುತ್ತದೆ. ಹಿಮ ಬೀಳುವ ಮುಂಚೆಯೇ ಮಣ್ಣಿನ ತೇವ ಅಳೆದಿಡಿ. ನಿಮ್ಮ ಹತ್ತಿರ ಪಿಲ್ಲೋ ಮತ್ತು ಕೊಳವೆಯ ಒಂದೇ ದಿನದ ಅಂಕಿಗಳಿದ್ದರೆ ಇಲ್ಲೇ ಕೆಳಗೆ ಹಾಕಿ, ವ್ಯತ್ಯಾಸ ಎಲ್ಲಿಂದ ಬರುತ್ತಿದೆ ಅಂತ ಒಟ್ಟಿಗೆ ನೋಡೋಣ.